ಪತ್ತೇದಾರನಿಂದ ನೆರೆಮನೆಯವರೆಗೆ: ಕರ್ನಾಟಕದ ರಹಸ್ಯ ಕಾದಂಬರಿಯಲ್ಲಿ ಹವ್ಯಾಸಿ ಶೋಧಕರು

ರಹಸ್ಯ ಬಿಡಿಸುವ ಕಥೆಗೆ ಕನ್ನಡದಲ್ಲಿ ‘ಪತ್ತೇದಾರಿ’ ಎಂಬ ಹೆಸರು ನಿಂತುಹೋಗಿದೆ. ತಹಸೀಲ್ದಾರ, ಜಮೀನ್ದಾರ, ಹವಾಲ್ದಾರ ಎಂಬ ಮಾತುಗಳಲ್ಲಿರುವ ಪಾರಸಿ ಮೂಲದ ‘ದಾರ’ವೇ ‘ಪತ್ತೆ’ಗೂ ಅಂಟಿಕೊಂಡಿದೆ. ಹೀಗಾಗಿ ಪದದಲ್ಲೇ ಒಂದು ಹುದ್ದೆಯ ಗತ್ತಿದೆ: ಪತ್ತೆ ಹಚ್ಚುವುದು ಪತ್ತೇದಾರನ ಕಸುಬು, ಬೇರೆಯವರ ಕೆಲಸವಲ್ಲ. ಇಂಗ್ಲಿಷಿನಲ್ಲಿ ‘ಕೋಝಿ ಮಿಸ್ಟರಿ’ ಎಂದು ಹೆಸರಾದ ಪ್ರಕಾರ ಇದಕ್ಕೆ ತದ್ವಿರುದ್ಧ. ಅಲ್ಲಿ ಕೊಲೆ ನಡೆಯುತ್ತದೆ, ಆದರೆ ರಕ್ತ ಓದುಗರ ಕಣ್ಣೆದುರು ಹರಿಯುವುದಿಲ್ಲ. ಊರು ಚಿಕ್ಕದು, ಕೊಲೆಗಾರ ಎಲ್ಲರಿಗೂ ಗೊತ್ತಿರುವವನೇ. ಗಂಟು ಬಿಡಿಸುವವರು ಅಡುಗೆಮನೆ, ಅಂಗಡಿ, ಗ್ರಂಥಾಲಯ ನೋಡಿಕೊಂಡಿರುವ ಸಾಮಾನ್ಯರು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಈ ಬಳಗದ ಹಿರಿಯಜ್ಜಿ. 1927ರ ಒಂದು ಸಣ್ಣಕಥೆಯಲ್ಲಿ ಮೊದಲು ಕಾಣಿಸಿಕೊಂಡ ಆಕೆ 1930ರಲ್ಲಿ ಕಾದಂಬರಿಗೆ ಬಂದಳು. ಎಂಥ ಅಪರಾಧವನ್ನೇ ಆಗಲಿ ತನ್ನ ಹಳ್ಳಿಯ ಯಾರೋ ಒಬ್ಬರ ನಡತೆಗೆ ಹೋಲಿಸಿ ಅರ್ಥಮಾಡಿಕೊಳ್ಳುವುದು ಅವಳ ದಾರಿ.

ಕನ್ನಡದ ಶೋಧದ ಕಥೆಗಳಲ್ಲಿ ಹುದ್ದೆಯವನ ಮೇಲುಗೈ ಬಹಳ ಹಿಂದಿನಿಂದಲೂ ಇದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆ ಬರುತ್ತದೆ. ಹಗಲಲ್ಲಿ ಕುಷ್ಠರೋಗಿಯ ವೇಷ, ರಾತ್ರಿ ಕಳ್ಳತನ. ಅವನನ್ನು ಹಿಡಿಯಬೇಕಾದವನು ಊರಿನ ತಳಾರ ಯಮದಂಡ. ಅರಮನೆಯ ಹಾರ ಕಳುವಾದಾಗ ಗಡುವು ಬೀಳುವುದೂ ತಲೆದಂಡದ ಭಯವೂ ತಳಾರನಿಗೇ. ಕಥೆಯ ಗುರಿ ಧರ್ಮಬೋಧೆಯಾದರೂ ವೇಷ, ಸುಳಿವು, ಗಡುವು, ಅನುಮಾನಗಳೆಲ್ಲ ಅದರಲ್ಲಿ ಆಗಲೇ ಸೇರಿವೆ. ಇಲ್ಲದಿರುವುದು ಒಂದೇ: ಯಾರೂ ಕೇಳದಿದ್ದರೂ ಕುತೂಹಲಕ್ಕಾಗಿ ಹುಡುಕಾಟಕ್ಕಿಳಿಯುವ ನೆರೆಹೊರೆಯವನು.

ಆಧುನಿಕ ಪತ್ತೇದಾರಿ ಕಥನ ಕನ್ನಡಕ್ಕೆ ಬಂದದ್ದು ಅನುವಾದ, ರೂಪಾಂತರಗಳ ಬೆನ್ನೇರಿ. ಎಡ್ಗರ್ ಅಲನ್ ಪೋ 1841ರಲ್ಲಿ ಪ್ಯಾರಿಸ್ಸಿನ ಪತ್ತೇದಾರನ ಕಥೆ ಬರೆದ. 1887ರಲ್ಲಿ ಷರ್ಲಾಕ್ ಹೋಮ್ಸ್ ಹುಟ್ಟಿದ. 1890ರ ದಶಕದಲ್ಲಿ ಬಂಗಾಳದಲ್ಲಿ ಪ್ರಿಯನಾಥ ಮುಖೋಪಾಧ್ಯಾಯರ ‘ದಾರೋಗಾರ್ ದಪ್ತರ್’ ಮನೆಮಾತಾಯಿತು. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಬಂಗಾಳಿ ಕಾದಂಬರಿಗೆ ಒಗ್ಗಿಕೊಂಡಿದ್ದ ಮೈಸೂರು ಸೀಮೆಯ ಓದುಗರಿಗೆ ಈ ಹೊಸ ರುಚಿ ಅಪರಿಚಿತವೆನಿಸಲಿಲ್ಲ. ‘ತಾತಯ್ಯ’ ಎಂದೇ ಹೆಸರಾದ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರ (1844–1933) ‘ಚೋರಗ್ರಹಣ ತಂತ್ರ’ ಕನ್ನಡದ ಮೊದಮೊದಲ ಪತ್ತೇದಾರಿ ಕೃತಿಗಳ ಸಾಲಿಗೆ ಸೇರುತ್ತದೆ. ಶಾಲೆ ಕಟ್ಟಿ ಪತ್ರಿಕೆ ನಡೆಸಿದ ಹಿರಿಯರೊಬ್ಬರು ಕಳ್ಳನನ್ನು ಹಿಡಿಯುವ ಕಥೆಗೂ ಲೇಖನಿ ಹಿಡಿದರೆಂಬುದು ಗಮನಿಸಬೇಕಾದ ಸಂಗತಿ. ಮುಂದಿನ ಪೀಳಿಗೆಯ ವಿಮರ್ಶಕರು ಈ ಪ್ರಕಾರದ ಬಗ್ಗೆ ತೋರಿದ ತಾತ್ಸಾರ ಅವರಿಗಿರಲಿಲ್ಲ.

ಪತ್ತೇದಾರಿ ಕಾದಂಬರಿಯನ್ನು ಕನ್ನಡದ ಬಸ್ ನಿಲ್ದಾಣಕ್ಕೆ, ಬೀಡಾ ಅಂಗಡಿಗೆ, ಬಾಡಿಗೆ ಪುಸ್ತಕದಂಗಡಿಗೆ ತಲುಪಿಸಿದವರು ಎನ್. ನರಸಿಂಹಯ್ಯ (1925–2011). ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅವರ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತು. ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂತು. ಆಮೇಲೆ ಬರೆದವು ಐನೂರರ ಗಡಿ ದಾಟಿದವು, ಬಹುಪಾಲು ಪತ್ತೇದಾರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಹೆಸರುಗಳು ಎರಡು ತಲೆಮಾರಿನ ಹುಡುಗರ ಬಾಯಲ್ಲಿ ಮನೆಯವರ ಹೆಸರುಗಳಂತೆ ಓಡಾಡಿದವು. ವಾಕ್ಯ ಚಿಕ್ಕದು, ಕಥೆ ನೇರ, ಅಶ್ಲೀಲಕ್ಕೆ ಜಾಗವಿಲ್ಲ. ಅಕ್ಷರ ಕಲಿತೂ ಪುಸ್ತಕ ಮುಟ್ಟದಿದ್ದ ಸಾವಿರಾರು ಮಂದಿ ಮೊದಲ ಸಲ ಒಂದು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದ್ದು ನರಸಿಂಹಯ್ಯನವರ ದೆಸೆಯಿಂದ. ಕನ್ನಡದಲ್ಲಿ ಓದುಗರನ್ನು ಬೆಳೆಸಿದವರೆಂದು ಗಳಗನಾಥ, ಅ.ನ.ಕೃ. ಹೆಸರು ಹೇಳುವ ಕಡೆಯಲ್ಲೆಲ್ಲ ಅವರ ಹೆಸರೂ ಬರಬೇಕು. ಸಾಹಿತ್ಯ ಚರಿತ್ರೆಗಳು ಅವರಿಗೆ ಕೊಟ್ಟ ಜಾಗ ಆ ಸಾಧನೆಗೆ ಏನೇನೂ ಸಾಲದು.

ಕನ್ನಡ ಚಳವಳಿಯ ಹಳದಿ–ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ (1918–1967) ಇದೇ ಕಾಲದ ಇನ್ನೊಬ್ಬ ಸಮೃದ್ಧ ಪತ್ತೇದಾರಿ ಲೇಖಕರು. ಟಿ.ಕೆ. ರಾಮರಾವ್ ಪತ್ತೇದಾರಿಗೆ ನೆಲದ ವಾಸನೆ ತಂದರು. ಅವರ ‘ಬಂಗಾರದ ಮನುಷ್ಯ’ ಕಾದಂಬರಿ 1972ರಲ್ಲಿ ಸಿನಿಮಾ ಆದ ಮೇಲೆ ಆ ಹೆಸರಿನ ನೆರಳಲ್ಲಿ ಅವರ ರಹಸ್ಯ ಕಾದಂಬರಿಗಳು ಮಸುಕಾದವು.

ಇಷ್ಟೆಲ್ಲ ಬೆಳೆ ಬಂದರೂ ಮನೆಯೊಳಗಿನ ಹವ್ಯಾಸಿ ಶೋಧಕಿ ಕನ್ನಡದಲ್ಲಿ ಏಕೆ ತಲೆಯೆತ್ತಲಿಲ್ಲ? ಕಾರಣವನ್ನು ಬಾಡಿಗೆ ಪುಸ್ತಕದಂಗಡಿಯ ಕಪಾಟಿನಲ್ಲೇ ಹುಡುಕಬಹುದು. 1950ರಿಂದ 80ರವರೆಗೆ ಅಲ್ಲಿ ಎರಡು ಸಾಲು. ಒಂದು ಪತ್ತೇದಾರಿಯದು: ಹುಡುಗರ, ಗಂಡಸರ ಸಾಲು. ಇನ್ನೊಂದು ‘ಸಾಮಾಜಿಕ’: ತ್ರಿವೇಣಿ, ಎಂ.ಕೆ. ಇಂದಿರಾ, ಮುಂದೆ ಉಷಾ ನವರತ್ನರಾಂ, ಸಾಯಿಸುತೆ. ಮನೆಯ ಒಳಗುಟ್ಟು, ಸೊಸೆಯ ಮೌನ, ಬೀರುವಿನಲ್ಲಿ ಬಚ್ಚಿಟ್ಟ ಕಾಗದ, ಬಾಯಿಬಿಡದ ಅತ್ತೆ, ಹೀಗೆ ಕೋಝಿ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಈ ಎರಡನೆಯ ಸಾಲಿನಲ್ಲಿತ್ತು. ತ್ರಿವೇಣಿ (1928–1963) ಮನಶ್ಶಾಸ್ತ್ರದ ಬೆಳಕು ಹಿಡಿದು ಒಂದು ಹೆಣ್ಣಿನ ಕಾಯಿಲೆಯ ಮೂಲವನ್ನು ಹುಡುಕುತ್ತ ಹೋಗುವ ಕ್ರಮ ನಿಜಕ್ಕೂ ತನಿಖೆಯ ಕ್ರಮವೇ. ಆದರೆ ಗುಟ್ಟು ಬಲ್ಲ ಗೃಹಿಣಿಯ ಕೈಗೆ ಯಾರೂ ಕೊಲೆಯ ಪ್ರಕರಣ ಕೊಡಲಿಲ್ಲ, ಪ್ರಕರಣ ಹಿಡಿದ ಪುರುಷೋತ್ತಮನಿಗೆ ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ಕಪಾಟಿನ ಎರಡು ಸಾಲುಗಳು ಬೆರೆಯಲಿಲ್ಲ.

ಹವ್ಯಾಸಿಗಳು ಬಂದದ್ದು ಬೇರೆ ದಿಕ್ಕಿನಿಂದ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಮಲೆನಾಡಿನ ಕೆಸರೂರಿನಲ್ಲಿ ಒಂದು ನಿಗೂಢ ಸಾವಿನ ಸುತ್ತ ಬೆಳೆಯುತ್ತದೆ. ತನಿಖೆಗೆ ಬರುವ ಅಂಗಡಿ ಸರಕಾರಿ ಬೇಹುಗಾರನೇ ಆದರೂ ಕಾದಂಬರಿಯ ಜೀವ ಇರುವುದು ಊರವರ ಅಂತೆಕಂತೆಗಳಲ್ಲಿ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಾಗ, ರಹಸ್ಯದ ಎಳೆಯಿರುವ ಕಥೆಯೂ ಗಂಭೀರ ಸಾಹಿತ್ಯವಾದೀತು ಎಂಬುದಕ್ಕೆ ಮುದ್ರೆ ಬಿತ್ತು. 1994ರ ‘ಜುಗಾರಿ ಕ್ರಾಸ್’ ಇನ್ನೂ ಹತ್ತಿರದ್ದು. ಏಲಕ್ಕಿ ಬೆಳೆಗಾರ ದಂಪತಿ ಸುರೇಶ ಮತ್ತು ಗೌರಿ ಬೆಳೆ ಮಾರಲು ಹೊರಟವರು ತಮಗೆ ಸಂಬಂಧವೇ ಇಲ್ಲದ ಜಾಲವೊಂದಕ್ಕೆ ಸಿಕ್ಕಿಕೊಳ್ಳುತ್ತಾರೆ. ಜೊತೆಗೆ ಹಳೆಯ ಕಾವ್ಯವೊಂದರ ಒಗಟು. ಗಂಡ ಹೆಂಡತಿ ಮಾತಾಡಿಕೊಳ್ಳುತ್ತ, ಕೆಲವೊಮ್ಮೆ ಜಗಳವಾಡುತ್ತ, ಜೊತೆಜೊತೆಗೆ ಯೋಚಿಸುವುದು ಕನ್ನಡ ರಹಸ್ಯ ಕಥನಕ್ಕೆ ಹೊಸತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’, ‘ಕರಿಸಿರಿಯಾನ’ ಮೊದಲಾದ ಕಾದಂಬರಿಗಳಲ್ಲಿ ಸಂಶೋಧಕರನ್ನೇ ಶೋಧಕರಾಗಿಸಿದರು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬಂಥ ಪ್ರಶ್ನೆ ಅಲ್ಲಿ ಕೊಲೆಯಷ್ಟೇ ಬಿಸಿಯಾಗಿ ಕಾಯುತ್ತದೆ.

ಕೋಝಿ ಕಾದಂಬರಿ ತನ್ನ ಎಲ್ಲ ಲಕ್ಷಣಗಳೊಡನೆ ಬೆಂಗಳೂರಿನ ನೆಲದಲ್ಲಿ ಕಾಲೂರಿದ್ದು 2022ರಲ್ಲಿ, ಇಂಗ್ಲಿಷಿನಲ್ಲಿ. ಹರಿಣಿ ನಾಗೇಂದ್ರ ಅವರ ‘ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಆ ಕೃತಿ. ಲೇಖಕಿ ಪರಿಸರ ವಿಜ್ಞಾನಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಬೆಂಗಳೂರಿನ ಕೆರೆ, ಗುಂಡುತೋಪು, ಸಾಲುಮರಗಳ ಚರಿತ್ರೆ ಅವರ ಸಂಶೋಧನಾ ಕ್ಷೇತ್ರ. 2016ರ ‘ನೇಚರ್ ಇನ್ ದ ಸಿಟಿ’ ಅದರ ಫಲ. ಕಾದಂಬರಿಯ ಊರು ಇಷ್ಟು ಗಟ್ಟಿಯಾಗಿ ನಿಂತಿರುವುದು ಆ ದುಡಿಮೆಯ ಬಲದಿಂದ.

ಕಥೆ ನಡೆಯುವುದು 1921ರಲ್ಲಿ. ಹತ್ತೊಂಬತ್ತರ ಕಾವೇರಿ ಹೊಸದಾಗಿ ಗಂಡನ ಮನೆಗೆ ಬಂದವಳು. ಗಣಿತವೆಂದರೆ ಅವಳಿಗೆ ಪ್ರಾಣ. ಗಂಡ ರಾಮು ಬೌರಿಂಗ್ ಆಸ್ಪತ್ರೆಯ ವೈದ್ಯ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಸ್ಥಾಪಿಸಿದ ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆಯಾಗುತ್ತದೆ. ಪಕ್ಕದ ಮನೆಯ ಉಮಾ ಆಂಟಿ ಅವಳ ಜೊತೆಗಾರ್ತಿ, ಇನ್‌ಸ್ಪೆಕ್ಟರ್ ಇಸ್ಮಾಯಿಲ್ ಅವಳ ಬುದ್ಧಿಯನ್ನು ಗೌರವಿಸುವ ಅಧಿಕಾರಿ. ಅವಳು ಆಯುಧ ಹಿಡಿಯುವುದಿಲ್ಲ, ಲೆಕ್ಕ ಬಿಡಿಸುವವಳ ಶಿಸ್ತನ್ನು ಮನುಷ್ಯರ ಮಾತಿಗೆ ಅನ್ವಯಿಸುತ್ತಾಳೆ. ಆಗಿನ ಬೆಂಗಳೂರು ಒಂದಲ್ಲ, ಎರಡು: ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರದು. ಗಂಡನ ಆಸ್ಪತ್ರೆ ದಂಡಿನಲ್ಲಿ ಇರುವುದರಿಂದ ಎರಡೂ ಲೋಕಗಳ ಬಾಗಿಲು ಕಾವೇರಿಗೆ ಸಹಜವಾಗಿ ತೆರೆಯುತ್ತದೆ. ಸೇವಕರು, ಹಾಲಿನವನು, ವೇಶ್ಯೆ, ಬ್ರಿಟಿಷ್ ದೊರೆಸಾನಿ ಇವರೆಲ್ಲರೊಡನೆ ಮಾತಾಡಲು ಹೊಸ ಸೊಸೆಯೊಬ್ಬಳಿಗೆ ಕಾರಣ ಒದಗಿಸುವುದು ಕಷ್ಟದ ಕೆಲಸ, ಕಾದಂಬರಿಯ ಕಟ್ಟುಗಾರಿಕೆ ಗೆಲ್ಲುವುದು ಅಲ್ಲೇ. ‘ಮರ್ಡರ್ ಅಂಡರ್ ಎ ರೆಡ್ ಮೂನ್’ (2023), ‘ಎ ನೆಸ್ಟ್ ಆಫ್ ವೈಪರ್ಸ್’ (2024) ಆಮೇಲೆ ಬಂದವು. ಕಪಾಟಿನ ಆ ಎರಡು ಸಾಲುಗಳು ಕಾವೇರಿಯಲ್ಲಿ ಕೂಡಿದವು ಎನ್ನಬಹುದು, ಆದರೆ ಕೂಡಿದ್ದು ಕನ್ನಡದ ಕಪಾಟಿನಲ್ಲಲ್ಲ.

ಕನ್ನಡದ ತೆರೆಯ ಮೇಲೆ ಹಳೆಯ ನೆನಪು ಬೇರೆ ರೂಪದಲ್ಲಿ ಮರಳಿತು. ಜಯತೀರ್ಥ ನಿರ್ದೇಶನದ, ರಿಷಬ್ ಶೆಟ್ಟಿ ನಟಿಸಿದ ‘ಬೆಲ್ ಬಾಟಂ’ (2019) ಪತ್ತೇದಾರಿ ಹುಚ್ಚು ಹತ್ತಿಸಿಕೊಂಡು ಬೆಳೆದ ದಿವಾಕರನ ಕಥೆ, ನರಸಿಂಹಯ್ಯನವರ ಪೀಳಿಗೆಗೆ ಸಲ್ಲಿಸಿದ ಪ್ರೀತಿಯ ಕಾಣಿಕೆ.

ಹವ್ಯಾಸಿ ಶೋಧಕನನ್ನು ಸೃಷ್ಟಿಸುವ ಲೇಖಕನಿಗೆ ಎದುರಾಗುವ ಮೊದಲ ಪ್ರಶ್ನೆ ಹಕ್ಕಿನದು. ಅವನಿಗೆ ಶವದ ಹತ್ತಿರ ಏನು ಕೆಲಸ? ಭಾರತದಲ್ಲಿ ಖಾಸಗಿ ಪತ್ತೇದಾರರಿಗೂ ಪ್ರತ್ಯೇಕ ಕಾನೂನಿನ ಆಸರೆಯಿಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲಿಲ್ಲ. ಆದರೆ ನೆರೆಹೊರೆಯವರಿಗೆ ಕಾನೂನೇ ತೆರೆದಿಟ್ಟ ಒಂದು ಬಾಗಿಲಿದೆ. ಅನುಮಾನಾಸ್ಪದ ಸಾವಿನಲ್ಲಿ ಪೊಲೀಸರು ಆ ಸುತ್ತಿನ ಇಬ್ಬರು ಅಥವಾ ಹೆಚ್ಚು ಗೌರವಸ್ಥ ನಿವಾಸಿಗಳ ಸಮಕ್ಷಮ ಶವವನ್ನು ಪರೀಕ್ಷಿಸಿ ಪಂಚನಾಮೆ ಬರೆಯಬೇಕು. ಗಾಯ, ಮೂಳೆ ಮುರಿತ, ಕಂದಿದ ಗುರುತುಗಳನ್ನು ನಮೂದಿಸಬೇಕು, ಅವು ಎಂಥ ಆಯುಧದಿಂದ ಆದಂತಿವೆ ಎಂದು ಹೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಇದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಾಗಿ ಮುಂದುವರಿದಿದೆ. ಕಿರಾಣಿ ಅಂಗಡಿಯವರೋ ನಿವೃತ್ತ ಮೇಷ್ಟರೋ ಪಂಚರಾಗಿ ನಿಂತು ಸಹಿ ಹಾಕುವ ಆ ಹತ್ತು ನಿಮಿಷದಲ್ಲಿ, ಸತ್ತವರನ್ನು ದಿನವೂ ಕಂಡ ಕಣ್ಣು ಪೊಲೀಸರ ಕಣ್ಣಿಗೆ ಬೀಳದ್ದನ್ನು ನೋಡುತ್ತದೆ. ಮಿಸ್ ಮಾರ್ಪಲ್‌ಗೂ ಸಿಗದ ಸವಲತ್ತಿದು.

ಎರಡನೆಯ ಪ್ರಶ್ನೆ ಊರಿನದು. ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯನ್ನೇ ತೆಗೆದುಕೊಳ್ಳಿ. ಐ.ಟಿ. ಪಟ್ಟಿಯಲ್ಲಿ ಎಲ್ಲರೂ ಅಪರಿಚಿತರು, ಅಲ್ಲಿ ಕೋಝಿ ಕಥೆ ನಿಲ್ಲದು ಎಂಬ ಅಭಿಪ್ರಾಯ ಬೊಮ್ಮನಹಳ್ಳಿಯನ್ನು ಹೊರಗಿನಿಂದ ಕಂಡವರದು. 2007ರಲ್ಲಿ ಬಿಬಿಎಂಪಿಗೆ ಸೇರುವ ಮುನ್ನ ಅದು ತನ್ನದೇ ನಗರಸಭೆಯಿದ್ದ ಊರು. ಹತ್ತಿರದ ಬೇಗೂರಿನ ದೇವಾಲಯದಲ್ಲಿ, ಬೆಂಗಳೂರಿನ ಹೆಸರನ್ನು ಹೇಳುವ ಅತಿ ಹಳೆಯ ಶಾಸನ, ಸುಮಾರು 890ರದು, ಇದೆ. ಅದೂ ಒಂದು ಸಾವಿನ ದಾಖಲೆಯೇ: ಬೆಂಗಳೂರ ಕಾಳಗದಲ್ಲಿ ಮಡಿದವನ ಹೆಸರಿದೆ, ಕಾಳಗ ಏಕಾಯಿತೆಂಬುದು ಆ ಸಾಲಿನಲ್ಲಿಲ್ಲ. ಹೊಸೂರು ರಸ್ತೆಯ ಎಡಬಲದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು, ಹಿಂದಿನ ಗಲ್ಲಿಗಳಲ್ಲಿ ವಠಾರಗಳು, ಪಿ.ಜಿ.ಗಳು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಇವುಗಳ ತಲೆಯ ಮೇಲೆ ಓಡತೊಡಗಿತು.

ಈ ಊರಲ್ಲಿ ಸುದ್ದಿ ಹೇಗೆ ಹರಿಯುತ್ತದೆಂಬುದಕ್ಕೆ ದಾಖಲಾದ ಒಂದು ಉದಾಹರಣೆಯಿದೆ. 2016ರ ಏಪ್ರಿಲ್ 18ರಂದು ಭವಿಷ್ಯ ನಿಧಿಯ ಹಣ ತೆಗೆಯುವುದನ್ನು ನಿರ್ಬಂಧಿಸುವ ನಿಯಮದ ವಿರುದ್ಧ ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಮುಂಚೂಣಿಯಲ್ಲಿ ದೊಡ್ಡ ನಾಯಕರಿರಲಿಲ್ಲ. ಮಾತು ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿತು, ಮರುದಿನವೇ ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಯಾರ ಸಂಬಳದಲ್ಲಿ ಏನು ಕಡಿತವಾಯಿತು, ಯಾರು ಯಾವ ಲೈನಿನಲ್ಲಿ ಕೂರುತ್ತಾರೆ, ಯಾರು ಇಂದು ಡಬ್ಬಿ ತರಲಿಲ್ಲ ಎಂಬುದೆಲ್ಲ ಗೊತ್ತಿರುವ ಬಳಗವಿದು. ಮಾರ್ಪಲ್‌ಳ ಹಳ್ಳಿಯಲ್ಲಿದ್ದದ್ದು ಇದೇ ಬಗೆಯ ತಿಳಿವಳಿಕೆ.

ಇಂಥ ನೆಲದಲ್ಲಿ ಸುಳಿವುಗಳೂ ಊರಿನವೇ ಆಗಬೇಕು. ವಿಷದ ಬಾಟಲಿಗಿಂತ, ನೀರು ಬಿಡದ ದಿನ ಸದ್ದು ಮಾಡಿದ ಸಂಪಿನ ಮೋಟರ್ ಹೆಚ್ಚು ಹೇಳುತ್ತದೆ. ನಲ್ಲಿ ಬರುವ ಸರದಿಯನ್ನು ವಠಾರದವರೆಲ್ಲ ಬಾಯಿಪಾಠ ಬಲ್ಲರು. ಸರದಿ ತಿಳಿಯದವನು ಮಾತ್ರ ಖಾಲಿ ಸಂಪಿಗೆ ಮೋಟರ್ ಹಾಕುತ್ತಾನೆ. ಕೆಲಸದಿಂದ ಬಂದು ರಾತ್ರಿ ಇನ್ನೂ ನಿದ್ದೆ ಹತ್ತದ ಟೇಲರ್ ಹೆಂಗಸೊಬ್ಬಳು ಆ ಸದ್ದು ಕೇಳಿರುತ್ತಾಳೆ. ಬೆಳಗ್ಗೆ ಪಂಚನಾಮೆಗೆ ಸಹಿ ಹಾಕುವಾಗ, ಮನೆಯಲ್ಲೇ ಮಲಗಿದ್ದೆ ಎನ್ನುವ ವಠಾರದ ಹಳೆಯ ಬಾಡಿಗೆದಾರನಿಗಿಂತ ಮೊದಲು ಅವಳು ಹುಡುಕುವುದು ಹೊರಗಿನಿಂದ ಬಂದವನನ್ನು.