ಶಾಂತಾ ರಂಗಸ್ವಾಮಿ: ಸಾಫ್ಟ್‌ಬಾಲ್ ಅಂಗಳದಿಂದ ಭಾರತ ತಂಡದ ನಾಯಕತ್ವದವರೆಗೆ

ಬೆಂಗಳೂರು: ಭಾರತದ ಮಹಿಳಾ ಟೆಸ್ಟ್ ಕ್ರಿಕೆಟ್ ತಂಡದ ಮೊದಲ ನಾಯಕಿ ಶಾಂತಾ ರಂಗಸ್ವಾಮಿ. ಟೆಸ್ಟ್‌ನಲ್ಲಿ ಶತಕ ಬಾರಿಸಿದ ದೇಶದ ಮೊದಲ ಮಹಿಳೆಯೂ ಅವರೇ. ಆದರೆ ಕ್ರಿಕೆಟ್‌ನಲ್ಲಿ ಹೆಸರು ಮಾಡುವ ಮುನ್ನ ಅವರು ಕರ್ನಾಟಕದ ಸಾಫ್ಟ್‌ಬಾಲ್ ಆಟಗಾರ್ತಿಯಾಗಿದ್ದರು ಎಂಬುದು ಹಲವರಿಗೆ ಗೊತ್ತಿಲ್ಲ.

ಶಾಂತಾ ಹುಟ್ಟಿದ್ದು 1954ರ ಜನವರಿ 1ರಂದು, ಅಂದಿನ ಮದ್ರಾಸ್‌ನಲ್ಲಿ. ಬೆಳೆದದ್ದು, ಆಡಿದ್ದು ಬೆಂಗಳೂರಿನಲ್ಲಿ.

ಸಾಫ್ಟ್‌ಬಾಲ್ ಏಕೆ?

1970ರ ದಶಕದ ಆರಂಭದವರೆಗೆ ದೇಶದಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್‌ಗೆ ರಾಷ್ಟ್ರಮಟ್ಟದ ಸಂಸ್ಥೆಯೇ ಇರಲಿಲ್ಲ. ಬ್ಯಾಟು, ಚೆಂಡು ಹಿಡಿಯುವ ಆಸೆಯಿದ್ದವರಿಗೆ ಕಾಲೇಜು ಮೈದಾನದಲ್ಲಿ ಸಿಗುತ್ತಿದ್ದ ಆಟಗಳಲ್ಲಿ ಸಾಫ್ಟ್‌ಬಾಲ್ ಒಂದು. 1887ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಬೇಸ್‌ಬಾಲ್‌ನ ಒಳಾಂಗಣ ರೂಪವಾಗಿ ಹುಟ್ಟಿದ ಈ ಆಟದಲ್ಲಿ ತಂಡಕ್ಕೆ ಒಂಬತ್ತು ಮಂದಿ, ಏಳು ಇನಿಂಗ್ಸ್. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು.

ನಿಯಮಗಳು ಬೇರೆಯಾದರೂ ಚೆಂಡನ್ನು ಕೊನೆಯವರೆಗೆ ನೋಡುವ ಕಣ್ಣು, ಗುರಿಯಿಟ್ಟು ಎಸೆಯುವ ತೋಳು, ಸಮಯ ನೋಡಿ ಓಡುವ ಚುರುಕು ಎರಡೂ ಆಟಗಳಿಗೆ ಬೇಕು. ಹೀಗಾಗಿ ಕ್ರಿಕೆಟ್ ಶುರುವಾದಾಗ ಈ ಆಟಗಾರ್ತಿಯರು ಅರ್ಧ ಸಿದ್ಧರಾಗಿಯೇ ಇದ್ದರು.

ಪಟ್ನಾದಲ್ಲಿ ಮೊದಲ ಗೆಲುವು

1973ರಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಟೂರ್ನಿಯಲ್ಲಿ ಆಡಿದ್ದು ಮೂರೇ ತಂಡಗಳು.

ಮೂರು ವರ್ಷಗಳ ಬಳಿಕ, 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ವನಿತೆಯರು ಮೊದಲ ಟೆಸ್ಟ್‌ಗೆ ಇಳಿದರು. ನಾಯಕಿ 22 ವರ್ಷದ ಶಾಂತಾ. ನವೆಂಬರ್‌ನಲ್ಲಿ ಪಟ್ನಾದಲ್ಲಿ ತಂಡ ಮೊದಲ ಟೆಸ್ಟ್ ಗೆಲುವು ಕಂಡಿತು. ಆರು ಪಂದ್ಯಗಳ ಸರಣಿ 1-1ರಿಂದ ಸಮವಾಯಿತು. ಅದೇ ವರ್ಷದ ಅರ್ಜುನ ಪ್ರಶಸ್ತಿ ಶಾಂತಾ ಅವರ ಪಾಲಾಯಿತು. ಈ ಗೌರವ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಅವರು. 1977ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಅವರು 108 ರನ್ ಗಳಿಸಿದರು.

ಬಲಗೈ ಬ್ಯಾಟರ್, ಮಧ್ಯಮ ವೇಗದ ಬೌಲರ್ ಆಗಿದ್ದ ಶಾಂತಾ ಆಡಿದ್ದು 16 ಟೆಸ್ಟ್. ಗಳಿಸಿದ್ದು 750 ರನ್, 21 ವಿಕೆಟ್. 12 ಟೆಸ್ಟ್‌ಗಳಲ್ಲಿ ತಂಡವನ್ನು ಮುನ್ನಡೆಸಿದರು. 1982ರ ವಿಶ್ವಕಪ್‌ನಲ್ಲೂ ಅವರೇ ನಾಯಕಿ. ಕೊನೆಯ ಟೆಸ್ಟ್ ಆಡಿದ್ದು 1991ರಲ್ಲಿ.

ಆಟದಲ್ಲಿ ಹಣವಿರಲಿಲ್ಲ

ಈ ಅಂಕಿಗಳ ಹಿಂದೆ ಇನ್ನೊಂದು ಕಥೆಯಿದೆ. ಅಂದಿನ ಆಟಗಾರ್ತಿಯರು ಕಾಯ್ದಿರಿಸದ ರೈಲು ಬೋಗಿಗಳಲ್ಲಿ ಪ್ರಯಾಣಿಸುತ್ತಿದ್ದರು, ಡಾರ್ಮಿಟರಿಗಳ ನೆಲದ ಮೇಲೆ ಮಲಗುತ್ತಿದ್ದರು. ಆಟವೇ ಜೀವನೋಪಾಯವಾಗುವ ಪ್ರಶ್ನೆಯೇ ಇರಲಿಲ್ಲ. ಶಾಂತಾ ಕೆನರಾ ಬ್ಯಾಂಕ್ ಸೇರಿ, ಪ್ರಧಾನ ವ್ಯವಸ್ಥಾಪಕರ ಹುದ್ದೆಯವರೆಗೆ ಏರಿ ನಿವೃತ್ತರಾದರು. ಕೆಲವರಿಗೆ ರೈಲ್ವೆ, ಕೆಲವರಿಗೆ ಬ್ಯಾಂಕು. ಎರಡೂ ಸಿಗದವರು ಆಟದಿಂದ ದೂರ ಸರಿಯಬೇಕಾಯಿತು.

ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ. 2017ರಲ್ಲಿ ಮಂಡಳಿಯ ಜೀವಮಾನ ಸಾಧನೆ ಪ್ರಶಸ್ತಿಗೆ ಮೊದಲ ಬಾರಿಗೆ ಮಹಿಳೆಯೊಬ್ಬರು ಆಯ್ಕೆಯಾದರು, ಅವರು ಶಾಂತಾ. 2019ರಲ್ಲಿ ಆಟಗಾರ್ತಿಯರ ಪ್ರತಿನಿಧಿಯಾಗಿ ಅವರು ಬಿಸಿಸಿಐನ ಅಪೆಕ್ಸ್ ಕೌನ್ಸಿಲ್ ಪ್ರವೇಶಿಸಿದರು. 2022ರ ಅಕ್ಟೋಬರ್‌ನಲ್ಲಿ ಪುರುಷರಷ್ಟೇ ಪಂದ್ಯ ಶುಲ್ಕವನ್ನು ವನಿತೆಯರಿಗೂ ಘೋಷಿಸಲಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ.

2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು ಮಣಿಸಿ ಭಾರತದ ವನಿತೆಯರು ಮೊದಲ ಬಾರಿಗೆ ವಿಶ್ವಕಪ್ ಎತ್ತಿದರು. ಬೆಂಗಳೂರಿನ ಆ ಮೊದಲ ಟೆಸ್ಟ್ ನಡೆದು ಅಷ್ಟರಲ್ಲಿ 49 ವರ್ಷ ಕಳೆದಿತ್ತು.

ಸಾಫ್ಟ್‌ಬಾಲ್ 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. ಟೋಕಿಯೊದಲ್ಲಿ ಮರಳಿತು. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಅದು ಮತ್ತೆ ಇರಲಿದೆ, ಜೊತೆಗೆ ಕ್ರಿಕೆಟ್ ಕೂಡ. ಶಾಂತಾ ಆಡಿದ ಎರಡೂ ಆಟಗಳು ಒಂದೇ ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಳ್ಳಲಿವೆ.