ಖರ್ಜದ ದನಿಯೂ ನೂರು ನಾದದ ಪೆಟ್ಟಿಗೆಯೂ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಹಳ್ಳಿಗಳಲ್ಲಿ ಭಜನಾ ಮೇಳವೆಂದರೆ ಈಗ ಹಾರ್ಮೋನಿಯಂ, ತಬಲಾ, ತಾಳ ಇಷ್ಟೇ ಅಲ್ಲ. ಕೀಬೋರ್ಡ್ ಬಂದಿದೆ, ಕೆಲವು ಕಡೆ ನಾಲ್ಕು ತಂತಿಯ ಬೇಸ್ ಗಿಟಾರೂ ಬಂದಿದೆ. ನಮ್ಮ ಮಂಡಳಿಯ ಹುಡುಗರು ಆ ಗಿಟಾರಿಗೆ ಒಂದು ಮಲ್ಟಿ ಇಫೆಕ್ಟ್ಸ್ ಪೆಟ್ಟಿಗೆ ಕೊಳ್ಳಬೇಕೆಂದು ನನ್ನ ಬಳಿ ಬಂದರು. ನಾನು ಗಿಟಾರು ನುಡಿಸಿದವನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮಂಡಳಿಯ ಲೆಕ್ಕದ ವಹಿ ನನ್ನಲ್ಲಿರುತ್ತದೆ, ಅಷ್ಟೇ. ಆದರೆ ಒಮ್ಮೆ ಇಂಥದೇ ಪೆಟ್ಟಿಗೆ ತಂದು ಹಣ ನೀರಿಗೆ ಹಾಕಿದ್ದೆವು. ಆದ್ದರಿಂದ ಈ ಸಲ ಹಣ ಕೊಡುವ ಮುನ್ನ, ಈ ವಸ್ತು ಯಾವ ಕೊರತೆ ತುಂಬಲು ಹುಟ್ಟಿತು ಎಂಬುದನ್ನು ತಿಳಿದುಕೊಳ್ಳೋಣ ಎಂದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಇದು ಏನೆಂದು ಹೇಳಬೇಕು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಇಟ್ಟು ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆ ಇದು. ತಂತಿಯಿಂದ ಬಂದ ದನಿಯನ್ನು ಮಾರ್ದನಿಗೊಳಿಸುವುದು, ಒರಟು ಮಾಡುವುದು, ಒಂದನ್ನು ಎರಡಾಗಿ ಕೇಳಿಸುವುದು, ಏರಿಳಿತವನ್ನು ಸಮ ಮಾಡುವುದು, ಹೀಗೆ ಹತ್ತಾರು ಕೆಲಸ ಒಂದೇ ಡಬ್ಬಿಯಲ್ಲಿ.

ಇದೆಲ್ಲ ಹೊಸದೆಂದು ತಿಳಿಯಬೇಡಿ. ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ವಿಜಾಪುರದ ಗೋಳಗುಮ್ಮಟ ಹತ್ತಿ ನಿಮ್ಮ ಹೆಸರು ಕೂಗಿರುತ್ತೀರಿ. ಮುಹಮ್ಮದ್ ಆದಿಲ್ ಶಾಹನ ಆ ಗೋರಿಯ ಗುಮ್ಮಟ ಒಳಗೆ ಸುಮಾರು 38 ಮೀಟರ್ ಅಗಲ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಎದುರು ಗೋಡೆಗೆ ಹೋಗಿ ತಿರುಗಿ ಬರಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಆ ಮರಳಿದ ದನಿ ಮತ್ತೆ ಮತ್ತೆ ಮರಳುತ್ತದೆ. ಹೆಸರು ಕೂಗಿದರೆ ಸೊಗಸು. ಆದರೆ ಅಲ್ಲಿ ನಿಂತು ಒಬ್ಬರು ನಾಲ್ಕು ಮಾತು ಒಟ್ಟಿಗೆ ಹೇಳಲಿ, ಎದುರಿನವರಿಗೆ ಅರ್ಥವಾಗುವುದಿಲ್ಲ. ಈ ಮಾತು ನೆನಪಿನಲ್ಲಿರಲಿ.

ಇನ್ನು ತಂಬೂರಿ. ಮಿರಜಿನ ಕುಶಲಕರ್ಮಿಗಳು ಮಾಡುವ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಲ್ಲಿಯ ತಂಬೂರಿಯ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೆ ಒಂದು ನೂಲೆಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಮೊಂಡಾಗಿದ್ದ ಖರ್ಜದ ತಂತಿ ಜೇಂಕರಿಸತೊಡಗುತ್ತದೆ. ನಮ್ಮ ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದರೆ ದನಿ ಜಾರಿ ಏರುತ್ತದೆ. ಎಲ್ಲಮ್ಮನ ಜೋಗತಿಯರು ಬಗಲಲ್ಲಿ ಹಿಡಿಯುವ ಚೌಡಿಕಿಯಲ್ಲಿ ತಂತಿಯ ಬಿಗಿ ಹೆಚ್ಚು ಕಡಿಮೆ ಮಾಡಿ ಮೀಟುತ್ತಾರೆ. ಕೆಳದನಿಯನ್ನು ಬಣ್ಣ ಕಟ್ಟುವ ವಿದ್ಯೆ ನಮ್ಮ ಮನೆಯಲ್ಲೇ ಇತ್ತು. ವಿದ್ಯುತ್ತು ಮಾತ್ರ ಇರಲಿಲ್ಲ.

ವಿದ್ಯುತ್ತಿನ ಕಥೆ ಅಮೇರಿಕೆಯದು. ಅಲ್ಲಿ ಕೆಳದನಿ ನುಡಿಸಲು ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಇತ್ತು. ಅದನ್ನು ಹೊರುವುದು ಕಷ್ಟ, ಡ್ರಮ್ಮಿನ ಗದ್ದಲದಲ್ಲಿ ಕೇಳುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಈ ಕೊರತೆ ನೀಗಿತು. ನಮ್ಮಲ್ಲಿ ಆರ್. ಡಿ. ಬರ್ಮನ್ ಅವರ ಹಿಂದಿ ಹಾಡುಗಳೂ, ಕನ್ನಡದಲ್ಲಿ ಇಳಯರಾಜ ಸಂಗೀತದ 1981ರ 'ಗೀತಾ' ಚಿತ್ರದಂಥವೂ ಈ ವಾದ್ಯವನ್ನು ಹಳ್ಳಿಯ ಕಿವಿಗೆ ತಲುಪಿಸಿದವು. ಹೆಸರು ಗೊತ್ತಿಲ್ಲದೆಯೇ ನಾವು ಅದಕ್ಕೆ ತಲೆ ತೂಗಿದೆವು.

ಮಾರ್ದನಿಯ ಯಂತ್ರಗಳು ಹುಟ್ಟಿದ್ದು ಬೇರೆ ಕೊರತೆಯಿಂದ. ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಹಾಡಿದರೆ ದನಿ ಒಣಗಿದಂತೆ ಕೇಳುತ್ತಿತ್ತು. ಚಿಕಾಗೋದ ಬಿಲ್ ಪುಟ್ನಮ್ 1947ರಲ್ಲಿ ಒಂದು ಧ್ವನಿಮುದ್ರಣಕ್ಕಾಗಿ ಬಚ್ಚಲುಮನೆಯನ್ನೇ ಮಾರ್ದನಿಯ ಕೋಣೆಯಾಗಿ ಬಳಸಿದರು. ಸ್ನಾನ ಮಾಡುವಾಗ ಹಾಡುವವರಿಗೆಲ್ಲ ಇದರ ಗುಟ್ಟು ಗೊತ್ತು! 1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ ಕೋಪಿಕ್ಯಾಟ್ ಎಂಬ ಟೇಪಿನ ಯಂತ್ರ ತಂದರು. ದನಿ ಟೇಪಿನ ಮೇಲೆ ಅಚ್ಚಾಗಿ ತುಸು ತಡವಾಗಿ ಮತ್ತೆ ಕೇಳುವುದು ಅದರ ಮರ್ಮ. 1974ರ ಹೊತ್ತಿಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಬಂತು. ಅದೇ ಮನೆತನದ ಬಾಸ್ ಎಂಬ ಹೆಸರಿನಲ್ಲಿ 1977ರಿಂದ ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ಪೆಡಲ್ ಬಂದವು. 1988ರಲ್ಲಿ ಬಾಸ್ ಎಂ.ಇ.-5 ಹಲವು ಕೆಲಸಗಳನ್ನು ಒಂದೇ ನೆಲದ ಪೆಟ್ಟಿಗೆಯಲ್ಲಿ ಸೇರಿಸಿತು. 1990ರ ದಶಕದ ನಡುವೆ ಜಪಾನಿನದೇ ಜೂಮ್ ಕಂಪನಿ ಬೇಸ್ ಗಿಟಾರಿಗೆಂದೇ 506 ಎಂಬ ಅಗ್ಗದ ಪೆಟ್ಟಿಗೆ ಮಾಡಿತು. ಟೇಪು ಹೋಗಿ ಚಿಪ್ಪು ಬಂದದ್ದರಿಂದ ಬೆಲೆ ಇಳಿಯಿತು. ಮುಂದೆ 2017ರ ಬಾಸ್ ಜಿ.ಟಿ.-1ಬಿ, 2019ರ ಜೂಮ್ ಬಿ-1 ಫೋರ್ ಬಂದವು. ಇವೆರಡೂ ನಾಲ್ಕು ಪೆನ್ನಿನ ಸೆಲ್ಲುಗಳ ಮೇಲೂ ನಡೆಯುತ್ತವೆ. ಕರೆಂಟು ಯಾವಾಗ ಹೋಗುವುದೋ ಹೇಳಲಾಗದ ನಮ್ಮ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಈಗ ನಮ್ಮ ತಪ್ಪಿನ ಕಥೆ. ನಾವು ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ, ಅದೂ ಆರು ತಂತಿಯ ಸಾಮಾನ್ಯ ಗಿಟಾರಿನದು. ನೂರು ನಾದ ಇದೆಯೆಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು. ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಪೆಟ್ಟಿಗೆಯಲ್ಲಿ ದನಿ ಒರಟು ಮಾಡಿದೊಡನೆ ಈ ಕೆಳಪಾಲು ತೆಳುವಾಗಿ, ದಪ್ಪ ತಂತಿ ಸಣಕಲಾಗಿ ಕೇಳಿತು. ಅದನ್ನು ಸರಿದೂಗಿಸಲು ಹುಡುಗರು ಮಾರ್ದನಿ ಹೆಚ್ಚಿಸಿದರು. ಗಿಟಾರಿಗೆ ಸಾಲದೆಂದು ಹಾಡುವವರ ಮೈಕಿಗೂ ಹಾಕಿದರು. ಮೇಲಾಗಿ ಎಲ್ಲವನ್ನೂ ಭೋಂಗಾಕ್ಕೆ ಜೋಡಿಸಿದ್ದೆವು. ಭೋಂಗಾ ಮಾತಿಗಾಗಿ ಮಾಡಿದ ಸಾಧನ; ಸೆಕೆಂಡಿಗೆ ಇನ್ನೂರು ಮುನ್ನೂರು ಕಂಪನಕ್ಕಿಂತ ಕೆಳಗಿನದನ್ನು ಅದು ಸರಿಯಾಗಿ ಹೊರಡಿಸುವುದೇ ಇಲ್ಲ.

ಶ್ರಾವಣದ ಆ ರಾತ್ರಿ ವಚನ ಹಾಡಿದರು. ಮುಗಿದ ಮೇಲೆ ಒಬ್ಬ ಮುದುಕಿ ನನ್ನನ್ನು ಕರೆದು, "ಆವಾಜ ಛಂದ ಅದ ತಮ್ಮಾ, ಖರೆ ಮಾತು ಎಲ್ಲಿ ಹೋದುವು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಈ ಪ್ರಶ್ನೆ ನಮಗೆ ಸಣ್ಣದಲ್ಲ, ಏಕೆಂದು ನಿಮಗೆ ಗೊತ್ತೇ ಇದೆ. ಉದಗೀರ, ನಿಲಂಗಾ ತಾಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಸರಿದ ಮೇಲೆ ಕಚೇರಿ ಮರಾಠಿಯಾಯಿತು. ನಮ್ಮೂರ ಶಾಲೆಯೂ ಮರಾಠಿಯಾಯಿತು. ಅದರಲ್ಲಿ ದೂರುವುದೇನಿಲ್ಲ, ಮರಾಠಿಯೂ ನಮ್ಮದೇ. ಆದರೆ ನನ್ನ ಮೊಮ್ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಅವನಿಗೆ ಬಸವಣ್ಣ, ಅಕ್ಕಮಹಾದೇವಿ ಸಿಗುವುದು ಕಿವಿಯಿಂದ ಮಾತ್ರ, ಅದೂ ಭಜನೆಯ ರಾತ್ರಿ ಮಾತ್ರ. ಅಲ್ಲಿಯೂ ಮಾತು ಗೋಳಗುಮ್ಮಟದ ಕೂಗಾಗಿಬಿಟ್ಟರೆ ಅವನಿಗೆ ಉಳಿಯುವುದೇನು?

ಇನ್ನೊಂದು ಸಂಗತಿ. 2016ರ 'ಸೈರಾಟ್' ಬಂದ ಮೇಲೆ ಮೆರವಣಿಗೆಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳ ಹೊಡೆತ ಹೆಚ್ಚಿತೆಂದು ನನ್ನ ಅನಿಸಿಕೆ. ಹುಡುಗರಿಗೆ ಅದು ಹಬ್ಬ. ಆದರೆ ತಗಡು ನಡುಗಿದರೆ ನಮ್ಮ ವಯಸ್ಸಿನವರ ಎದೆ ಇಂದಿಗೂ ಧಸಕ್ಕೆನ್ನುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳ ಕಲ್ಲುಮಣ್ಣಿನ ಮನೆಗಳು ಭೂಕಂಪಕ್ಕೆ ಕುಸಿದವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಭೂಮಿಯೊಳಗಿನ ಆ ಗುಡುಗು ಕೇಳಿದವರಿಗೆ ಕೆಳದನಿ ಬರಿಯ ಮೋಜಲ್ಲ. ಅದು ಗೋಡೆ ದಾಟಿ ದೂರ ಹೋಗುತ್ತದೆ. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬೇಡವೆಂದು 2000ದ ನಿಯಮಗಳು ಹೇಳುವುದೂ ಇದೇ ಕಾರಣಕ್ಕೆ, ಪಕ್ಕದ ಮನೆಯ ನಿದ್ದೆಗಾಗಿ.

ಹಾಗಾದರೆ ಯಾವ ಪೆಟ್ಟಿಗೆ? ಹುಡುಗರಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಸ್ಪೀಕರು ನೋಡಿ. ಇದ್ದ ಹಣದಲ್ಲಿ ಹೆಚ್ಚಿನ ಪಾಲು ಹನ್ನೆರಡು ಅಥವಾ ಹದಿನೈದು ಇಂಚಿನ ಒಳ್ಳೆಯ ಬೇಸ್ ಸ್ಪೀಕರಿಗೆ ಹೋಗಲಿ. ಭೋಂಗಾದಲ್ಲಿ ಹಾಡಿನ ಮಾತು ಮಾತ್ರ ಇರಲಿ. ಪೆಟ್ಟಿಗೆ ಬೇಸ್ ಗಿಟಾರಿಗೆಂದೇ ಮಾಡಿದ್ದಾಗಿರಲಿ. ದನಿ ಒರಟು ಮಾಡುವಾಗ ಮೂಲ ದನಿಯನ್ನೂ ಬೆರೆಸಿಕೊಳ್ಳುವ ಸೌಲಭ್ಯ ಇದೆಯೇ ಎಂದು ಕೇಳಿ, ಆಗ ಕೆಳಪಾಲು ಉಳಿಯುತ್ತದೆ. ನೂರು ನಾದ ಎಣಿಸಬೇಡಿ. ಶ್ರುತಿ ನೋಡುವ ಟ್ಯೂನರ್, ಏರಿಳಿತ ಸಮ ಮಾಡುವ ಕಂಪ್ರೆಸರ್, ದಪ್ಪ ತೆಳು ತಿದ್ದುವ ಈಕ್ವಲೈಸರ್, ಈ ಮೂರು ಚೆನ್ನಾಗಿದ್ದರೆ ಭಜನೆಗೆ ಸಾಕು. ಕೋರಸ್ಸು ಎಲ್ಲೋ ಒಂದು ಹಾಡಿಗೆ. ಮಾರ್ದನಿ ಬೇಸಿಗೆ ಬೇಡವೇ ಬೇಡ. ಅದು ಡಗ್ಗಾದ ಪೆಟ್ಟನ್ನೂ ಕೆಸರು ಮಾಡುತ್ತದೆ.

ಅಡಾಪ್ಟರು ಕಂಪನಿಯದೇ ಇರಲಿ. ಈ ಎರಡೂ ಕಂಪನಿಗಳ ಸಣ್ಣ ಪೆಟ್ಟಿಗೆಗಳಲ್ಲಿ 9 ವೋಲ್ಟಿನ ಪಿನ್ನಿನ ನಡುಭಾಗ ಋಣ. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರಿನಲ್ಲಿ ಅದು ಧನವಾಗಿದ್ದರೆ ಪೆಟ್ಟಿಗೆ ಸುಟ್ಟೀತು. ಮಿಕ್ಸರ್ ದೂರವಿದ್ದರೆ ನಡುವೆ ಒಂದು ಡಿ.ಐ. ಡಬ್ಬಿ ಹಾಕಿ, ಇಲ್ಲವಾದರೆ ಉದ್ದ ತಂತಿ ಗುಂಯ್‌ಗುಡುತ್ತದೆ. ಕೊನೆಯದಾಗಿ, ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ. ನುಡಿಸುವಾಗ ಪಕ್ಕದಲ್ಲಿ ಒಬ್ಬರು ಒಂದು ವಚನ ಹಾಡಲಿ. ಪದ ಪದವೂ ತಿಳಿದರೆ ಹಣ ಕೊಡಿ.

ನಮ್ಮ ಮಂಡಳಿ ಈ ಪ್ರಕಾರ ಒಂದು ಸಣ್ಣ ಬೇಸ್ ಪೆಟ್ಟಿಗೆ ತಂದಿತು. ಉಳಿದ ಹಣದಲ್ಲಿ ಹಾಡುವವರಿಗೊಂದು ಒಳ್ಳೆಯ ಮೈಕು ಬಂತು. ಮುಂದಿನ ಸೋಮವಾರ ಅದೇ ಮುದುಕಿ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನನಗೆ ಏನೂ ಹೇಳಲಿಲ್ಲ, ಹಾಡುವವರ ಜೊತೆ ತುಟಿ ಆಡಿಸುತ್ತಿದ್ದಳು. ಪಕ್ಕದಲ್ಲಿ ನನ್ನ ಮೊಮ್ಮಗ ಅವಳ ತುಟಿ ನೋಡಿ ತಾನೂ ಆಡಿಸುತ್ತಿದ್ದ.