ಆನ್‌ಲೈನ್ ಪರೀಕ್ಷಾ ಸಿದ್ಧತೆ

ಅಂತರಜಾಲದ ಮೂಲಕ ನಡೆಯುವ ವಿಶ್ವವಿದ್ಯಾಲಯ ಪರೀಕ್ಷೆಗಳಿಗೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂಚಿತವಾಗಿ ಮಾಡಿಕೊಳ್ಳುವ ತಯಾರಿ. ಭಾರತದಲ್ಲಿ ಇದರ ತುರ್ತು ಎದ್ದು ಕಂಡದ್ದು ಕೋವಿಡ್ ಕಾಲದಲ್ಲಿ. ಅಂತಿಮ ವರ್ಷದ ಪರೀಕ್ಷೆಗಳನ್ನು 2020ರ ಸೆಪ್ಟೆಂಬರ್ ಅಂತ್ಯದೊಳಗೆ ಮುಗಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಆ ವರ್ಷದ ಜುಲೈನಲ್ಲಿ ಸೂಚಿಸಿತು. ದೆಹಲಿ ವಿಶ್ವವಿದ್ಯಾಲಯ ಮೊದಲು ಅಣಕು ಪರೀಕ್ಷೆ ನಡೆಸಿ, ಆಗಸ್ಟ್ 10ರಿಂದ ಪುಸ್ತಕ ನೋಡಿ ಬರೆಯುವ ಪರೀಕ್ಷೆ ಆರಂಭಿಸಿತು: ಪ್ರಶ್ನೆಪತ್ರಿಕೆಯನ್ನು ಪೋರ್ಟಲ್‌ನಿಂದ ಇಳಿಸಿಕೊಂಡು, ಉತ್ತರಗಳನ್ನು ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವ ಕ್ರಮ.

ಇಲ್ಲಿ ಅಧ್ಯಾಪಕರ ನಿಜವಾದ ಹೊಣೆ ಪ್ರಶ್ನೆ ತಯಾರಿಕೆ. ಪುಸ್ತಕ ಎದುರಿಗಿರುವಾಗ ‘ಹಣದುಬ್ಬರ ಎಂದರೇನು?’ ಎಂದು ಕೇಳಿ ಪ್ರಯೋಜನವಿಲ್ಲ. ಎರಡು ವರ್ಷಗಳ ಬೆಲೆ ಸೂಚ್ಯಂಕ ಕೊಟ್ಟು, ಏರಿಕೆಯನ್ನು ಲೆಕ್ಕ ಹಾಕಿಸಿ, ದಿನಗೂಲಿಯವರ ಮೇಲೆ ಅದರ ಪರಿಣಾಮವನ್ನು ವಿವರಿಸಲು ಹೇಳಿದರೆ ವಿದ್ಯಾರ್ಥಿಯ ತಿಳಿವಳಿಕೆ ಗೊತ್ತಾಗುತ್ತದೆ.

ವಿದ್ಯಾರ್ಥಿಗಳಿಗೆ ಬರವಣಿಗೆಯ ತಾಲೀಮಷ್ಟೇ ಸಾಲದು. ಪ್ರತಿ ಹಾಳೆಗೂ ನೋಂದಣಿ ಸಂಖ್ಯೆ, ಪುಟಸಂಖ್ಯೆ ಹಾಕುವುದು, ಕೈ ನೆರಳು ಬೀಳದಂತೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡುವುದು, ಎಲ್ಲವನ್ನೂ ಒಂದೇ ಪಿಡಿಎಫ್ ಆಗಿಸುವುದು ಮೊದಲೇ ರೂಢಿಯಾಗಿರಬೇಕು. ನೆಟ್‌ವರ್ಕ್ ಸಿಗದ ಊರಿನವರಿಗೂ ದೃಷ್ಟಿ ಸಮಸ್ಯೆಯುಳ್ಳವರಿಗೂ ಹೆಚ್ಚುವರಿ ಸಮಯ ಎಷ್ಟು, ಬದಲಿ ವ್ಯವಸ್ಥೆ ಯಾವುದು ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಲಿಖಿತವಾಗಿ ತಿಳಿಸಬೇಕಾಗುತ್ತದೆ.